ಟಿವಿಯಲ್ಲಿ ಬಾಬಾ ತೀರಿಕೊಂಡ ದಿನ ಏನು ಮಾತಾಡಬೇಕು

ನಮ್ಮ ಕಡೆ ಕೊಡವರ ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಒಂದೇ ಗುಂಡಾದರೆ ಗಂಡು ಮಗು ಹುಟ್ಟಿದೆ ಅಂತ. ಜೋಡಿ ಗುಂಡು ಕೇಳಿದರೆ ತೋಟದಲ್ಲಿ ಕತ್ತಿ ಕೆಳಗಿಟ್ಟು, ಯಾವ ದಿಕ್ಕು ಅಂತ ಕಿವಿ ಕೊಡುತ್ತೇವೆ. ಟಿವಿಯಲ್ಲಿ ಸಾಯುವ ದೊಡ್ಡವರದ್ದೇ ತೊಂದರೆ. ಗುಂಡು ಕೇಳಿಸುವುದಿಲ್ಲ. ಪಕ್ಕದ ಮನೆಯಲ್ಲೇ ದುಃಖ ಇದ್ದರೂ ಗೊತ್ತಾಗುವುದಿಲ್ಲ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಮಸ್ಟರ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು ಕೆಲಸ, ಬಾಯಿ ಸ್ವಲ್ಪ ಜಾಸ್ತಿ. 2011ರ ಏಪ್ರಿಲ್ 24, ಭಾನುವಾರ. ಸತ್ಯ ಸಾಯಿಬಾಬಾ ಹೋದರು ಅಂತ ಸುದ್ದಿ ಬಂದಾಗ ಪಕ್ಕದ ಮನೆ ಅಕ್ಕನ ಜಗಲಿಯಲ್ಲಿದ್ದೆ. "96 ವರ್ಷ ಇರ್ತೀನಿ ಅಂದಿದ್ರಲ್ಲ ಅಕ್ಕ, 84ಕ್ಕೇ ಲೆಕ್ಕ ಮುಗೀತಲ್ಲ" ಅಂತ ನಕ್ಕೆ. ಅಕ್ಕ ಏನೂ ಅನ್ನಲಿಲ್ಲ. ಕೇರುತ್ತಿದ್ದ ಕಾಳುಮೆಣಸನ್ನು ಮೊರದಲ್ಲೇ ಬಿಟ್ಟು ಒಳಗೆ ಹೋದರು. ಭಾವನ ಹೃದಯದ ಆಪರೇಷನ್ ಆಗಿದ್ದು ವೈಟ್‌ಫೀಲ್ಡಿನ ಸಾಯಿ ಆಸ್ಪತ್ರೆಯಲ್ಲಿ, ಒಂದು ಪೈಸೆ ಖರ್ಚಿಲ್ಲದೆ. ಆಗ ಅವರ ರಜೆಯನ್ನು ಮಸ್ಟರಿನಲ್ಲಿ ಬರೆದವನೇ ನಾನು.

ಅದಕ್ಕೇ ಹೇಳುತ್ತೇನೆ, ಮೊದಲು ಗೋಡೆ ನೋಡಿ. ಯಾರ ಫೋಟೋ ಇದೆ, ಯಾಕಿದೆ? ಫೋಟೋ ಇದ್ದರೆ ಅವತ್ತು ಆ ಮನೆಯೂ ಸಾವಿನ ಮನೆಯೇ.

ಹಾಗಂತ ಸುಮ್ನೆ ಕೂರಿ ಅನ್ನುತ್ತಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವುದು ನಮ್ಮ ನಿಮ್ಮಂಥವರಿಗೆ ಸರಿ. ಲಕ್ಷಾಂತರ ಜನ ಕಾಲಿಗೆ ಬಿದ್ದವರ ವಿಷಯ ಬೇರೆ. ಹೊಗಳಿಕೆಗೆ ಸೂತಕ ಇಲ್ಲ ಅಲ್ವಾ? ಅದು ಮೊದಲ ದಿನವೇ ಶುರುವಾಗುತ್ತದೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಅವರು ಬದುಕಿದ್ದಾಗ ಹೇಳಿದ್ದೆನಾ? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲೇ ಪವಾಡಗಳ ತನಿಖೆಗೆ ಸಮಿತಿ ಮಾಡಿ, ಬಾಬಾಗೆ ಪತ್ರ ಬರೆದು, ನಮ್ಮೆದುರು ಮಾಡಿ ತೋರಿಸಿ ಅಂದರು. ಬಾಬಾ ಒಪ್ಪಲಿಲ್ಲ. ಆದರೆ ಉತ್ತರ ಕೊಡುವ ಅವಕಾಶ ಇತ್ತು. ನಾನು ಮೂವತ್ತು ವರ್ಷ ತೆಪ್ಪಗಿದ್ದು, ಉಸಿರು ನಿಂತ ಮೇಲೆ ಧೈರ್ಯ ತೋರಿಸಿದೆ.

ಹೇಳುವುದಾದರೆ ಮಸ್ಟರ್ ಬರೆದ ಹಾಗೆ ಹೇಳಿ. ದಿನ ಯಾವುದು, ಎಷ್ಟು ಜನ, ಏನಾಯ್ತು. "ಕಪಟಿ" ಅಂದರೆ ಭಕ್ತರು ನಿಮ್ಮ ಬಾಯಿಯನ್ನೇ ಬೈಯುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. "1993ರ ಜೂನ್ 6ರ ರಾತ್ರಿ ಪುಟ್ಟಪರ್ತಿಯಲ್ಲಿ ಬಾಬಾ ಇದ್ದ ಕಟ್ಟಡದಲ್ಲೇ ಆರು ಜನ ಸತ್ತರು, ಅದರಲ್ಲಿ ನಾಲ್ವರು ಪೊಲೀಸರ ಗುಂಡಿಗೆ. ಯಾಕೆ?" ಅಂದರೆ ಉತ್ತರ ಹುಡುಕಬೇಕಾದವರು ಅವರು. ಆಸ್ಪತ್ರೆಯನ್ನೂ ಅದೇ ಪುಟದಲ್ಲಿ ಬರೆಯಿರಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕಾನೂನೂ ಗೊತ್ತಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ, ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಆಡಿದರೆ ಸತ್ತವರ ಬಗ್ಗೆಯೂ ಮಾನಹಾನಿ ಆಗಬಹುದು. ಸಾರ್ವಜನಿಕರ ಒಳಿತಿಗೆ ಹೇಳಿದ ಸತ್ಯಕ್ಕೆ ವಿನಾಯಿತಿ ಇದೆ.

ಯಾವಾಗ ಹೇಳಬೇಕು? ಕೊಡವರಲ್ಲಿ ಹನ್ನೊಂದನೇ ದಿನ ಮಾದ, ಅಂದರೆ ಸತ್ತವರಿಗೆ ಮಾಡುವ ಕರ್ಮ. ನನ್ನ ಲೆಕ್ಕವೂ ಅಷ್ಟೇ, ಹನ್ನೊಂದು ದಿನ. ಆದರೆ ಆ ಗುರುವಿನಿಂದಲೇ ಪೆಟ್ಟು ತಿಂದವರು ಅವತ್ತೇ ಬೈದರೆ, ಅವರಿಗೆ ಈ ಲೆಕ್ಕ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿ.

ಹನ್ನೊಂದು ದಿನ ಕಳೆದು ನಾನು ಅಕ್ಕನ ಮನೆಗೆ ಹೋದೆ. ಬೆಲ್ಲದ ಕಾಫಿ ಕೊಟ್ಟರು, ಮಾತಿಲ್ಲ. ಅರ್ಧ ಲೋಟ ಮುಗಿದ ಮೇಲೆ ಆ ಆರು ಜನರ ವಿಷಯ ಎತ್ತಿದೆ. ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ.

"ಅದು ನಂಗೂ ಗೊತ್ತು, ನಾನೂ ಎಷ್ಟೋ ಸಲ ಯೋಚನೆ ಮಾಡಿದ್ದೀನಿ" ಅಂದರು ಅಕ್ಕ. "ನೀನು ಅವತ್ತು ಇದನ್ನ ಕೇಳ್ಲಿಲ್ಲ. ನಕ್ಕೆ."