ನಾಯಿ ಇರುವ ಹಿತ್ತಲಲ್ಲಿ ಹಣ್ಣಿನ ಗಿಡ: ಬೀದರಿನಲ್ಲಿ ನಾವು ಮಾಡಿಕೊಂಡ ವ್ಯವಸ್ಥೆ

ನಾಯಿ ಸಾಕಿದವರು ಸಾಮಾನ್ಯವಾಗಿ ಕೇಳುವುದು ಒಂದೇ. ಮಾವಿನಹಣ್ಣು ಕೊಡಬಹುದಾ, ಸೀತಾಫಲ ಕೊಡಬಹುದಾ? ಆದರೆ ಹಿತ್ತಲಲ್ಲಿ ಗಿಡ ಇದ್ದರೆ ನಾವು ಕೊಡುವುದಕ್ಕಿಂತ ನಾಯಿ ತಾನೇ ಹೆಕ್ಕಿ ತಿನ್ನುವುದು ಜಾಸ್ತಿ. ಅದು ಬೀಜ ತೆಗೆದು ತಿನ್ನುವುದಿಲ್ಲ ಅಲ್ವಾ. ಬೀದರ್ ಊರ ಹೊರಗಿನ ನಮ್ಮ ಮನೆಯ ಹಿಂದೆ ಪೇರಲ, ಮಾವು, ಸೀತಾಫಲ, ಪಪ್ಪಾಯಿ, ನಿಂಬೆ ಇವೆ, ಗೋಡೆಯಾಚೆ ಕಾಕಾ ಅವರ ಹುಣಸೆಮರ ಇದೆ, ಎರಡು ನಾಯಿ ಹಗಲೆಲ್ಲ ಅಲ್ಲೇ ಇರುತ್ತವೆ. ಅದಕ್ಕೇ ಪ್ರತಿ ಗಿಡಕ್ಕೂ ತಿರುಳು, ಬೀಜ, ಎಲೆ, ಬುಡದಲ್ಲಿ ಬಿದ್ದದ್ದು ಅಂತ ಬೇರೆ ಬೇರೆ ಲೆಕ್ಕ ಇಟ್ಟಿದ್ದೇನೆ.

ನಮ್ಮ ಕಡೆ ಯಾರೂ ಅನುಮಾನಪಡದ ಮರ ಹುಣಸೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದರೆ ನಾಯಿಯ ಕಿಡ್ನಿ ಕೆಡಬಹುದು ಅನ್ನುವುದು ಹಳೆಯ ಮಾತು. ಕಾರಣ ಮಾತ್ರ ಬಹಳ ದಿನ ಸಿಕ್ಕಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂದರು, 2022ರಲ್ಲಿ ಹುಣಸೆ ತಿಂದ ನಾಯಿಗಳಿಗೂ ಅದೇ ಥರ ಕಿಡ್ನಿ ಕೆಟ್ಟ ವರದಿ ಬಂತು. ಹುಣಸೆಯ ಹುಳಿ ಹೆಚ್ಚಾಗಿ ಆ ಆಮ್ಲದ್ದೇ. ಇದನ್ನು ಹೇಳಿದಾಗ ಕಾಕಾ, "ಏನ್ ಆಗ್ತದರಿ, ಓಣಿ ನಾಯಿ ಎಲ್ಲಾ ಇದರ ಕೆಳಗೇ ಬೆಳದಾವ" ಅಂದರು. ಅವರ ಮಾತು ಸುಳ್ಳಲ್ಲ. ದ್ರಾಕ್ಷಿಯಲ್ಲೂ ಹೀಗೇ, ಒಂದು ನಾಯಿ ತಿಂದು ಆರಾಮಾಗಿ ಓಡಾಡುತ್ತದೆ, ಇನ್ನೊಂದಕ್ಕೆ ಸ್ವಲ್ಪದರಲ್ಲೇ ಕಿಡ್ನಿ ಕೈಕೊಡುತ್ತದೆ, ನಮ್ಮ ನಾಯಿ ಯಾವ ಥರದ್ದು ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಅದಕ್ಕೇ ನಾನು ಪರೀಕ್ಷೆಗೆ ಇಳಿಯುವುದಿಲ್ಲ. ಕಾಕಾ ಅವರನ್ನು ಕೇಳಿ ನಮ್ಮ ಕಡೆ ಚಾಚಿದ್ದ ಟೊಂಗೆ ಕಡಿಸಿದೆವು. ಶಿವರಾತ್ರಿ ಆಸುಪಾಸು ಕಾಯಿ ಉದುರಲು ಶುರುವಾದರೆ ಕಾಕಾ ಸುಮ್ನೆ ಕಾಯುವುದಿಲ್ಲ, ತಾಡಪತ್ರಿ ಹಾಸಿ ಗಳದಿಂದ ಬಡಿದು ಒಮ್ಮೆಗೇ ಇಳಿಸಿಕೊಳ್ಳುತ್ತಾರೆ, ನಾನೂ ಕೈಜೋಡಿಸುತ್ತೇನೆ. ಸಿಪ್ಪೆ, ನಾರು, ಬೀಜ ಬಿಡಿಸುವ ಕೆಲಸ ಬಾಗಿಲು ಹಾಕಿಕೊಂಡು ಒಳಗೆ. ಹಬ್ಬದ ದಿನ ಒಣದ್ರಾಕ್ಷಿ ಹಾಕಿದ ಶಿರಾ, ಲಾಡು ಕೂಡ ನಾಯಿಗೆ ಬೇಡ ಅಂತ ಮನೆಗೆ ಬಂದ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇವೆ.

ಸೀತಾಫಲ ಬೀದರಿನ ಕಲ್ಲುನೆಲದಲ್ಲಿ ತಾನಾಗಿ ಬೆಳೆಯುವ ಗಿಡ, ಕಿತ್ತು ಹಾಕಲು ಮನಸ್ಸು ಬರುವುದಿಲ್ಲ. ತಿರುಳು ಸ್ವಲ್ಪ ತಿಂದರೆ ತೊಂದರೆ ಇಲ್ಲ. ಬೀಜ ಕೆಟ್ಟದ್ದು. ಹಿಂದೆ ತಲೆಯ ಹೇನಿಗೆ ಅದೇ ಬೀಜ ಅರೆದು ಹಚ್ಚುತ್ತಿದ್ದರು, ಕಣ್ಣಿಗೆ ಬಿದ್ದರೆ ಉರಿದು ಕೆಂಪಾಗಿ ಕಣ್ಣೇ ಬಿಡಲು ಆಗುವುದಿಲ್ಲ, ಅಷ್ಟು ತೀಕ್ಷ್ಣ. ಇಡೀ ನುಂಗಿದ ಬೀಜ ಗಟ್ಟಿ ಸಿಪ್ಪೆ ಇರುವುದರಿಂದ ಹಾಗೇ ಹೊರಗೆ ಬರುತ್ತದೆ, ಅಗಿದರೆ ಕಷ್ಟ. ನಮ್ಮ ಹೆಣ್ಣು ನಾಯಿ ಬಿದ್ದ ಹಣ್ಣನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದು, ಎಸಳು ಬಿಡಿಸಿ, ತಿರುಳು ನೆಕ್ಕಿ, ಆಮೇಲೆ ಬೀಜವನ್ನು ಕಟಕಟ ಅಂತ ಕಡಿಯುತ್ತದೆ. ಹೀಗೆ ಕಡಿಯುವ ನಾಯಿ ಇದ್ದರೆ ಹಣ್ಣು ಮರದಲ್ಲಿ ಮಾಗಲು ಬಿಡಬೇಡಿ. ಸಿಪ್ಪೆಯ ಮೇಲಿನ ಕಣ್ಣುಗಳು ಬಿಡಿಸಿಕೊಂಡ ತಕ್ಷಣ ಕಾಯಿ ಕೊಯ್ದು ಜೋಳದ ಚೀಲದಲ್ಲಿ ಹಣ್ಣಿಗೆ ಹಾಕುತ್ತೇವೆ.

ಮಾವಿನಲ್ಲಿ ತೊಂದರೆ ವಾಟೆಯದು. ನಮ್ಮ ಓಣಿಯ ಒಂದು ನಾಯಿಗೆ ಅದು ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ಆಯಿತು. ಎಳೆಯ ವಾಟೆ ಜಾರಿ ನೇರ ಒಳಗೆ ಹೋಗುತ್ತದೆ, ಮತ್ತೆ ಮತ್ತೆ ವಾಂತಿ, ಹೇಲು ಬರದಿರುವುದು ಕಂಡರೆ ತಡ ಮಾಡಬಾರದು. ಬಾರೆ, ನೇರಳೆ ಬೀಜ ಚಿಕ್ಕ ತಳಿಯ ನಾಯಿಗೆ ಇದೇ ಅಪಾಯ. ಪೇರಲ, ಪಪ್ಪಾಯಿ ತಿರುಳು ನಾನೇ ತುಂಡು ಮಾಡಿ ಕೊಡುತ್ತೇನೆ, ಪಪ್ಪಾಯಿ ಬೀಜ ತೆಗೆದು. ನಿಂಬೆ ಸಿಪ್ಪೆಯ ಎಣ್ಣೆ ಹೊಟ್ಟೆ ಕೆಡಿಸುತ್ತದೆ, ಆದರೆ ವಾಸನೆಗೇ ನಾಯಿಗಳು ದೂರ ಇರುತ್ತವೆ. ಅಂಜೂರ ಹಾಕಬೇಕು ಅಂತಿದ್ದೆ, ಅದರ ಹಾಲು ಚರ್ಮಕ್ಕೂ ಬಾಯಿಗೂ ಉರಿ ಕೊಡುತ್ತದೆ ಅಂತ ಬಿಟ್ಟೆ. ಸೇಬು ಕೊಡುವವರು ಬೀಜ ಇರುವ ನಡುಭಾಗ ತೆಗೆಯಿರಿ, ಅಗಿದ ಬೀಜದಿಂದ ಸಯನೈಡ್ ಹುಟ್ಟುತ್ತದೆ.

ಒಳ್ಳೆಯ ಹಣ್ಣೂ ಕೊಳೆತರೆ ಬೇರೆ ಮಾತು. ಪೇರಲ ಬಿದ್ದು ಹುಳಿತರೆ ಮದ್ಯ ಆಗುತ್ತದೆ, ಬೂಷ್ಟು ಹಿಡಿದರೆ ಕೆಲವು ಬೂಷ್ಟಿನ ವಿಷಕ್ಕೆ ನಾಯಿಗೆ ನಡುಕ ಬರುತ್ತದೆ. ಬೆಳಿಗ್ಗೆ ನಾಯಿ ಬಿಡುವ ಮೊದಲೇ ಕಸಬರಿಗೆ ಹಿಡಿದು ಗಿಡದ ಬುಡ ಗುಡಿಸುವುದು ನಮ್ಮಲ್ಲಿ ದಿನದ ಕೆಲಸ.

ಇದೆಲ್ಲಕ್ಕಿಂತ ನನಗೆ ಹೆದರಿಕೆ ನಾವೇ ಬುಡಕ್ಕೆ ಹಾಕುವುದರ ಬಗ್ಗೆ. ಔಡಲ (ಹರಳು) ಹಿಂಡಿ ಹಣ್ಣಿನ ಗಿಡಕ್ಕೆ ಒಳ್ಳೆಯ ಗೊಬ್ಬರ, ನಾಯಿಗೆ ಅದರ ವಾಸನೆ ಇಷ್ಟ, ಮಣ್ಣು ಕೆದರಿ ತಿನ್ನುತ್ತದೆ. ಸರಿಯಾಗಿ ಬಿಸಿ ಮಾಡದ ಹಿಂಡಿಯಲ್ಲಿ ರೈಸಿನ್ ಅನ್ನುವ ವಿಷ ಉಳಿದಿರುತ್ತದೆ, ವಾಂತಿ, ರಕ್ತಭೇದಿ ಆಗಿ ಸಾಯಬಹುದು. ಹುಳಕ್ಕೆ ಅಂತ ತೌಡು, ಬೆಲ್ಲ, ಕೀಟನಾಶಕ ಕಲಸಿ ಇಡುವ ವಿಷದ ಉಂಡೆ ಕೂಡ ಹಾಗೇ, ಬೆಲ್ಲದ ವಾಸನೆಗೆ ನಾಯಿ ಹೋಗಿಯೇ ಹೋಗುತ್ತದೆ. ನಾವು ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೆ ಹಾಕುವುದಿಲ್ಲ. ಪಕ್ಕದ ತೊಗರಿ ಹೊಲಕ್ಕೆ ಔಷಧಿ ಹೊಡೆಯುವ ದಿನ ನಾಯಿ ಕಟ್ಟಿಹಾಕುತ್ತೇವೆ.

ಏನಾದರೂ ತಿಂದಿದೆ ಅಂತ ಗೊತ್ತಾದರೆ ಲಕ್ಷಣ ಬರಲಿ ಅಂತ ಕಾಯಬೇಡಿ. ಮೊದಲ ಒಂದೆರಡು ಗಂಟೆಯಲ್ಲಿ ಡಾಕ್ಟರು ವಾಂತಿ ಮಾಡಿಸಿ ಹೊರಗೆ ತೆಗೆಯುವ ಅವಕಾಶ ಇರುತ್ತದೆ, ದ್ರಾಕ್ಷಿ, ಹುಣಸೆ ಆಗಿದ್ದರೆ ಸಲೈನ್ ಹಾಕಿ, ಎರಡು ಮೂರು ದಿನ ರಕ್ತ ಪರೀಕ್ಷೆ ಮಾಡಿ ಕಿಡ್ನಿ ನೋಡುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಆ ಉಪ್ಪೇ ಜೀವಕ್ಕೆ ಕುತ್ತು ತರಬಹುದು. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ. ಹೋಗುವಾಗ ತಿಂದು ಉಳಿದ ಹಣ್ಣು, ಬೀಜ, ಹಿಂಡಿಯ ಚೀಲ, ಏನು ಸಿಕ್ಕರೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಹೊತ್ತಿಗೆ ತಿಂದಿತು ಅಂತಲೂ ಹೇಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.