ಅಮೆರಿಕದ ಕೆಲಸದ ಜಾಗದಲ್ಲಿ ಆಯುಧ ನಿಷೇಧ ಮತ್ತು ಸ್ವರಕ್ಷಣೆ: ಕನ್ನಡಿಗ ನೌಕರರು ಮೊದಲೇ ತಿಳಿದಿರಬೇಕಾದದ್ದು

ಅಮೆರಿಕದಲ್ಲಿ ರಾತ್ರಿ ಪಾಳಿಯಲ್ಲಿ ಗ್ಯಾಸ್ ಸ್ಟೇಷನ್, ಮೋಟೆಲ್, ಔಷಧದ ಅಂಗಡಿ ಅಥವಾ ದಿನಸಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನಮ್ಮವರು ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಮೈಮೇಲೆ ಬಿದ್ದವನನ್ನು ಎದುರಿಸಿದ್ದಕ್ಕೆ ಪೊಲೀಸರು ನಿಮ್ಮ ಮೇಲೆ ಯಾವ ಮೊಕದ್ದಮೆಯನ್ನೂ ಹೂಡದಿರಬಹುದು, ಆದರೂ ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆಯಬಹುದು. ಮೊಂಟಾನಾ ಒಂದನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ, ಪ್ರತ್ಯೇಕ ಒಪ್ಪಂದವಿಲ್ಲದ ನೌಕರನನ್ನು ಕಾನೂನು ನಿಷೇಧಿಸಿರುವ ಕೆಲವು ಕಾರಣಗಳ ಹೊರತಾಗಿ ಯಾವ ಕಾರಣಕ್ಕಾದರೂ ತೆಗೆಯುವ ಅಧಿಕಾರ ಮಾಲೀಕನಿಗಿದೆ. ಆದ್ದರಿಂದ ‘ನಾನು ಮಾಡಿದ್ದು ಅಪರಾಧವೇ?’ ಎಂಬ ಪ್ರಶ್ನೆಯನ್ನೂ ‘ನನ್ನ ಕೆಲಸ ಉಳಿಯುತ್ತದೆಯೇ?’ ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿಯೇ ಕೇಳಿಕೊಳ್ಳಬೇಕು.

ಮಿಷಿಗನ್ ರಾಜ್ಯದಲ್ಲಿ 2011ರಲ್ಲಿ ವಾಲ್‌ಗ್ರೀನ್ಸ್ ಔಷಧದ ಅಂಗಡಿಗೆ ಬೆಳಗಿನ ಜಾವ ಬಂದೂಕು ಹಿಡಿದ ದರೋಡೆಕೋರರು ನುಗ್ಗಿದಾಗ, ಪರವಾನಗಿ ಪಡೆದ ಪಿಸ್ತೂಲು ಇಟ್ಟುಕೊಂಡಿದ್ದ ಫಾರ್ಮಸಿಸ್ಟ್ ಒಬ್ಬರು ಗುಂಡು ಹಾರಿಸಿದರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು, 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರವಾಗಿಯೇ ತೀರ್ಪು ನೀಡಿತು. ಇದಕ್ಕೆ ವಿರುದ್ಧವಾಗಿ, ದರೋಡೆಗೆ ಬಂದವಳ ಕೈಯಿಂದ ಬಂದೂಕು ಕಿತ್ತುಕೊಂಡ ಸೆವೆನ್-ಇಲೆವೆನ್ ಅಂಗಡಿಯ ನೌಕರನ ಪ್ರಕರಣದಲ್ಲಿ ವೆಸ್ಟ್ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ, ಪ್ರಾಣಾಪಾಯ ಎದುರಾದಾಗ ಸ್ವರಕ್ಷಣೆ ಮಾಡಿಕೊಂಡದ್ದಕ್ಕಾಗಿ ಕೆಲಸದಿಂದ ತೆಗೆಯುವುದು ಸಾರ್ವಜನಿಕ ನೀತಿಗೆ ವಿರುದ್ಧವಾಗಬಲ್ಲದು ಎಂದಿತು. ಆದರೆ ತನ್ನ ಕ್ರಮಕ್ಕೆ ನ್ಯಾಯವಾದ ವ್ಯಾವಹಾರಿಕ ಕಾರಣವಿತ್ತೆಂದು ತೋರಿಸಲು ಮಾಲೀಕನಿಗೂ ಅವಕಾಶ ಉಳಿಸಿತು. ವಾಲ್‌ಮಾರ್ಟ್ ನೌಕರರ ಪ್ರಕರಣದಲ್ಲಿ ಯೂಟಾದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಇನ್ನೂ ಖಚಿತವಾದ ಗೆರೆ ಎಳೆಯಿತು: ಗಂಭೀರ ದೈಹಿಕ ಅಪಾಯ ಕಣ್ಣೆದುರಿಗೇ ಇರಬೇಕು, ಹಿಂದೆ ಸರಿಯಲು ದಾರಿ ಇರಬಾರದು; ಆಗ ಮಾತ್ರ ನೌಕರನಿಗೆ ಈ ರಕ್ಷಣೆ. ಎಲ್ಲ ರಾಜ್ಯಗಳೂ ಈ ದಾರಿ ಹಿಡಿದಿಲ್ಲ. ಹಾಗಾಗಿ ಯಾವ ರಾಜ್ಯದಲ್ಲಿದ್ದರೂ ಯೂಟಾದ ಗೆರೆಯನ್ನೇ ನಿಮ್ಮ ಅಳತೆಗೋಲಾಗಿ ಇಟ್ಟುಕೊಳ್ಳುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ನಿಮ್ಮ ವೀಸಾವನ್ನು, ಕಂಪನಿಯ ನಿಯಮ ಆಮೇಲಿನ ಮಾತು. ಎಚ್-1ಬಿ, ಎಚ್-4, ಎಫ್-1 ಮೊದಲಾದ ತಾತ್ಕಾಲಿಕ ವೀಸಾಗಳಲ್ಲಿ ಬಂದವರು ಬಂದೂಕು ಅಥವಾ ಗುಂಡುಗಳನ್ನು ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿದ್ದರೂ ವಕೀಲರನ್ನು ಕೇಳದೆ ಅವುಗಳನ್ನು ನೆಚ್ಚಿಕೊಳ್ಳಬಾರದು. ಅಂಗಡಿಯ ಮಾಲೀಕರು ‘ಕೌಂಟರಿನ ಕೆಳಗೆ ಒಂದು ಪಿಸ್ತೂಲು ಇದೆ, ಬೇಕಾದರೆ ತೆಗೆದುಕೊಳ್ಳಿ’ ಎಂದರೂ ನೀವು ಒಪ್ಪಬಾರದು, ಏಕೆಂದರೆ ಮಾಲೀಕರ ಅನುಮತಿ ಈ ನಿಷೇಧವನ್ನು ತೆಗೆಯುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ, ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಅವರನ್ನೂ ಗಡೀಪಾರು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಪರವಾನಗಿಯಿಂದ ವಿನಾಯಿತಿ ಪಡೆದ ಕೋವಿ ಮನೆಯಲ್ಲಿರುವುದು ಕೊಡಗಿನ ಅನೇಕ ಕುಟುಂಬಗಳಿಗೆ ಸಹಜವಾದ ಸಂಗತಿ. ಆ ವಿನಾಯಿತಿಗೆ ಅಮೆರಿಕದಲ್ಲಿ ಯಾವ ಬೆಲೆಯೂ ಇಲ್ಲ.

ಬಳಿಕ ಉದ್ಯೋಗಿಗಳ ಕೈಪಿಡಿಯನ್ನು ತೆರೆದು ಆಯುಧಗಳ ಭಾಗವನ್ನು ಪದಪದವಾಗಿ ಓದಿ. ‘ಆಯುಧ’ ಎಂಬುದರಲ್ಲಿ ಬಂದೂಕು ಮಾತ್ರವೇ ಸೇರಿದೆಯೋ, ಪೆಪ್ಪರ್ ಸ್ಪ್ರೇ, ಮಡಚುವ ಚಾಕು, ಸ್ಟನ್ ಗನ್ ಕೂಡ ಸೇರಿವೆಯೋ ಎಂಬುದನ್ನು ಮೊದಲು ಗುರುತಿಸಿ. ಪೆಟ್ಟಿಗೆ ಒಡೆಯಲು ಅಂಗಡಿಯವರೇ ಕೊಟ್ಟ ಕಟ್ಟರ್‌ಗೆ ಹೆಚ್ಚಿನ ಕಡೆ ಅಡ್ಡಿಯಿರುವುದಿಲ್ಲ, ಆದರೆ ಅದನ್ನೇ ಒಬ್ಬನತ್ತ ಚಾಚಿದರೆ ಅದು ಆಯುಧವಾಗುತ್ತದೆ. ‘ಕಂಪನಿಯ ಆವರಣ’ ಎಂದರೆ ಎಲ್ಲಿಯವರೆಗೆ, ಪಾರ್ಕಿಂಗ್ ಜಾಗವೂ ಡೆಲಿವರಿಗೆ ಓಡಿಸುವ ನಿಮ್ಮ ಸ್ವಂತ ಕಾರೂ ಅದರಲ್ಲಿ ಸೇರುತ್ತವೆಯೇ, ಬ್ಯಾಗು ಮತ್ತು ಕಾರನ್ನು ತಪಾಸಣೆ ಮಾಡಲು ನೀವು ಮೊದಲೇ ಸಹಿ ಹಾಕಿ ಒಪ್ಪಿದ್ದೀರಾ, ಕಳ್ಳನನ್ನು ಬೆನ್ನಟ್ಟಬಾರದು ಎಂಬ ಪ್ರತ್ಯೇಕ ನಿಯಮವಿದೆಯೇ ಎಂಬುದನ್ನೂ ನೋಡಿ. ಪೆಪ್ಪರ್ ಸ್ಪ್ರೇ ಬಗ್ಗೆ ಕೈಪಿಡಿಯಲ್ಲಿ ಏನೂ ಇಲ್ಲದಿದ್ದರೆ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಸುಮ್ಮನಿರದೆ, ಎಚ್‌ಆರ್‌ಗೆ ಇಮೇಲ್ ಕಳಿಸಿ ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ರಾಜ್ಯದ ನಿಯಮವನ್ನೂ ನೋಡಬೇಕು: ಕ್ಯಾಲಿಫೋರ್ನಿಯಾದಲ್ಲಿ ಡಬ್ಬಿಯೊಳಗಿನ ದ್ರಾವಣ 2.5 ಔನ್ಸ್ ಮೀರುವಂತಿಲ್ಲ, ನ್ಯೂಯಾರ್ಕ್‌ನಲ್ಲಿ ಅದನ್ನು ಫಾರ್ಮಸಿಸ್ಟ್ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಿಂದಲೇ ಕೊಳ್ಳಬೇಕು.

ಬಂದೂಕು ಹೊಂದಲು ಕಾನೂನಿನ ಹಕ್ಕಿರುವವರಿಗೆ ಪಾರ್ಕಿಂಗ್ ಜಾಗದ ಬಗ್ಗೆ ಒಂದು ಮಾತು. ಒಕ್ಲಹೋಮಾ 2004ರಲ್ಲಿ, ಫ್ಲೋರಿಡಾ 2008ರಲ್ಲಿ, ಟೆಕ್ಸಾಸ್ 2011ರಲ್ಲಿ ನೌಕರರು ಬೀಗ ಹಾಕಿದ ತಮ್ಮ ಕಾರಿನೊಳಗೆ ಬಂದೂಕು ಇಡುವುದನ್ನು ಮಾಲೀಕರು ತಡೆಯದಂತೆ ಕಾನೂನು ಮಾಡಿದವು. ಇಂಥ ಕೆಲವು ಕಾನೂನುಗಳಲ್ಲಿ ಶಾಲೆ, ರಾಸಾಯನಿಕ ಕಾರ್ಖಾನೆಯಂಥ ಜಾಗಗಳಿಗೆ ಅಪವಾದಗಳಿವೆ. ಕಾರಿನಿಂದ ಅಂಗಡಿಯೊಳಗೆ ತರುವ ಹಕ್ಕನ್ನು ಇವು ಕೊಡುವುದಿಲ್ಲ.

ನೌಕರನ ಕೈಯನ್ನು ಖಾಲಿ ಇಡುವ ಮಾಲೀಕ ಅವನ ರಕ್ಷಣೆಯ ಹೊಣೆಯನ್ನು ತಾನು ಹೊರಲೇಬೇಕು, ಮತ್ತು ಅದನ್ನು ಕೇಳಿ ಪಡೆಯುವುದಕ್ಕೆ ನೌಕರರು ಸಂಕೋಚಪಡಬಾರದು. ಗಂಭೀರ ಅಪಾಯಗಳಿಲ್ಲದ ಕೆಲಸದ ಜಾಗವನ್ನು ಒದಗಿಸುವುದು ಮಾಲೀಕನ ಕರ್ತವ್ಯವೆಂದು 1970ರ ಔದ್ಯೋಗಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ, ಮತ್ತು ಆ ಕಾಯ್ದೆಯನ್ನು ನೋಡಿಕೊಳ್ಳುವ ಓಷಾ ಸಂಸ್ಥೆ ರಾತ್ರಿ ತೆರೆದಿರುವ ಅಂಗಡಿಗಳಿಗೆಂದೇ ಶಿಫಾರಸುಗಳನ್ನು ಪ್ರಕಟಿಸಿದೆ. ನಿಮ್ಮ ಅಂಗಡಿಯ ಗಾಜನ್ನು ಹೊರಗೆ ನಿಂತು ನೋಡಿ: ಬಿಯರ್ ಮತ್ತು ಲಾಟರಿಯ ಪೋಸ್ಟರುಗಳು ಕೌಂಟರನ್ನು ಮರೆಮಾಡಿದ್ದರೆ, ಒಳಗೆ ನಡೆಯುವುದು ರಸ್ತೆಯಲ್ಲಿ ಹೋಗುವ ಪೊಲೀಸ್ ಕಾರಿಗೆ ಕಾಣುವುದಿಲ್ಲ. ಪೋಸ್ಟರು ತೆಗೆಸುವುದು, ಗಲ್ಲಾದಲ್ಲಿ ಕಡಿಮೆ ಹಣ ಇಟ್ಟು ಉಳಿದದ್ದನ್ನು ನೌಕರ ತೆರೆಯಲಾಗದ ತಿಜೋರಿಗೆ ಹಾಕುವುದು, ಹೊರಗೆ ಒಳ್ಳೆಯ ದೀಪ, ಸದ್ದಿಲ್ಲದ ಅಲಾರಂ ಗುಂಡಿ, ನಡುರಾತ್ರಿ ಜೊತೆಗೊಬ್ಬ ನೌಕರ, ಇವನ್ನೆಲ್ಲ ಪತ್ರದಲ್ಲಿ ಕೇಳಿ. ಇಬ್ಬರು ಮೂವರು ಸಹೋದ್ಯೋಗಿಗಳು ಒಟ್ಟಾಗಿ ಕೇಳಿದರೆ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯ ರಕ್ಷಣೆಯೂ ಸಿಗುತ್ತದೆ, ಆದರೆ ಮೇಲ್ವಿಚಾರಕರಿಗೆ ಅದು ಅನ್ವಯಿಸದು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಹೆಚ್ಚಿನ ಮಾಲೀಕರು ಹಿಂಸೆ ತಡೆಯುವ ಲಿಖಿತ ಯೋಜನೆ ಹೊಂದಿರಬೇಕು. ಕಾನೂನುಬದ್ಧ ಸ್ವರಕ್ಷಣೆಯನ್ನು ‘ಕೆಲಸದ ಜಾಗದ ಹಿಂಸೆ’ ಎಂದು ಪರಿಗಣಿಸುವಂತಿಲ್ಲವೆಂದು ಆ ಕಾನೂನಿನಲ್ಲೇ ಬರೆದಿದೆ.

ದರೋಡೆ ನಡೆದೇಬಿಟ್ಟರೆ ಹಣ ಕೊಟ್ಟುಬಿಡಿ. ಗಲ್ಲಾದ ಹಣವನ್ನು ಕಾಯುವುದು ಸ್ವರಕ್ಷಣೆಯಲ್ಲ, ಓಡುತ್ತಿರುವ ಕಳ್ಳನನ್ನು ಹಿಡಿಯುವುದೂ ಅಲ್ಲ. ಹೊರಹೋಗುವ ದಾರಿಯಿದ್ದರೆ ಹೋಗಿ. ಆ ದಾರಿ ಮುಚ್ಚಿಹೋಗಿದ್ದು, ದರೋಡೆಕೋರ ನಿಮ್ಮ ಮೇಲೇ ಕೈಮಾಡಿದರೆ ಬಿಡಿಸಿಕೊಳ್ಳಲು ಬೇಕಾದಷ್ಟೇ ಬಲ ಬಳಸಿ, ಅವನು ಬಿಟ್ಟ ಕೂಡಲೇ ನೀವೂ ಬಿಡಿ. 911ಕ್ಕೆ ಕರೆ ಮಾಡಿದ ಮೇಲೆ, ನೀವು ಬಲ ಬಳಸಿದ್ದರೆ ಕಂಪನಿಯ ಹೇಳಿಕೆ ಪತ್ರಕ್ಕೆ ಸಹಿ ಹಾಕುವ ಮೊದಲು ವಕೀಲರೊಂದಿಗೆ ಮಾತಾಡಿ. ಕ್ಯಾಮೆರಾದ ದೃಶ್ಯವನ್ನು ಅಳಿಸದೆ ಉಳಿಸಿಡಬೇಕೆಂದು ಅದೇ ದಿನ ಕಂಪನಿಗೆ ಲಿಖಿತವಾಗಿ ತಿಳಿಸಿ, ಗಾಯಗಳ ಫೋಟೊ ತೆಗೆದಿಡಿ. ಕೆಲಸ ಹೋದರೆ ಎಚ್-1ಬಿಯವರಿಗೆ ಅಮೆರಿಕದಲ್ಲೇ ಉಳಿದು ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಸುರಕ್ಷತೆಯ ಬಗ್ಗೆ ದೂರಿದ್ದಕ್ಕಾಗಿಯೇ ತೆಗೆದರೆಂದು ಅನಿಸಿದರೆ ಓಷಾಗೆ 30 ದಿನಗಳೊಳಗೆ ದೂರು ಕೊಡಬೇಕು, ಮತ್ತು ಆ ಲೆಕ್ಕ ನಿಮ್ಮನ್ನು ತೆಗೆದ ದಿನದಿಂದಲೇ ಶುರುವಾಗುತ್ತದೆ.