ಹಸುಗೂಸಿಗೆ ನೀರು ಹಾಕುವುದು ಹೇಗೆ?

ಬಾಣಂತನದ ಮನೆಗೆ ಹೋದಾಗ ನಾನು ಮೊದಲು ನೋಡುವುದು ಮಗುವಿನ ಕುತ್ತಿಗೆ. ಗಲ್ಲವನ್ನು ಚೂರು ಮೇಲೆತ್ತಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಸಂದು ಕೆಂಪಗಾಗಿ ಹುಳಿ ವಾಸನೆ ಬರುತ್ತಿದ್ದರೆ ಆ ಮನೆಯಲ್ಲಿ ದಿನಾ ಕೊಡಗಟ್ಟಲೆ ನೀರು ಹಾಕುತ್ತಿದ್ದಾರೆ, ಆದರೆ ಸರಿಯಾಗಿ ಒರೆಸುತ್ತಿಲ್ಲ ಎಂದು ಅರ್ಥ. ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಅಜ್ಜಿಯೋ, ನೀರು ಹಾಕಲೆಂದೇ ಬರುವವರೋ ಇದ್ದಾಗ ಅಪ್ಪ ಅಮ್ಮ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿರುತ್ತಾರೆ ಅಷ್ಟೆ. ಆಮೇಲೆ ಬಾಣಂತನ ಮುಗಿಸಿ ತವರಿನಿಂದ ಬೆಂಗಳೂರಿನ ಫ್ಲಾಟಿಗೋ ದುಬೈಗೋ ಬಂದಾಗ ಎಣ್ಣೆ ಹಚ್ಚಿದ, ಜಾರುವ ಮಗುವನ್ನು ಹಿಡಿಯುವುದೇ ಗೊತ್ತಿರುವುದಿಲ್ಲ. ಈ ಲೇಖನ ಅವರಿಗಾಗಿ.

ಹಂತ 1: ಯಾವಾಗಿನಿಂದ, ಎಷ್ಟು ಸಲ

ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ಮೈಮೇಲಿನ ಬಿಳಿ ಪದರ ಕೊಳೆಯಲ್ಲ, ಅದು ಚರ್ಮವನ್ನು ಕಾಯುತ್ತದೆ, ಉಜ್ಜಿ ತೆಗೆಯಬೇಡಿ. ಹೊಕ್ಕುಳು ಒಣಗಿ ಬೀಳಲು ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೊಕ್ಕುಳಿಗೆ ಅರಿಶಿನ, ಎಣ್ಣೆ, ಬೂದಿ, ಪೌಡರ್ ಏನೂ ಹಚ್ಚಬೇಡಿ. ಡೈಪರ್ ಅಥವಾ ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಮಡಚಿ ಕಟ್ಟಿ, ಗಾಳಿಯಾಡಲಿ. ಸುತ್ತ ಕೆಂಪಾದರೆ, ಕೀವು ಬಂದರೆ, ಕೆಟ್ಟ ವಾಸನೆ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. 2.5 ಕೆಜಿಗಿಂತ ಕಡಿಮೆ ತೂಕದ ಅಥವಾ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ನೀರು ಹಾಕುವುದು ಯಾವಾಗಿನಿಂದ ಎಂದು ಡಾಕ್ಟರೇ ಹೇಳಲಿ.

ದಿನಾ ನೀರು ಹಾಕಲೇಬೇಕು ಅಂತೇನಿಲ್ಲ. ವಾರಕ್ಕೆ ಎರಡು ಮೂರು ಸಲ ಹಾಕಿದರೂ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನಾ ಹಾಕಿ, ಮಗುವಿಗೂ ಹಿತ. ಡಿಸೆಂಬರಿನ ಚಳಿಯಲ್ಲಿ ದಿನ ಬಿಟ್ಟು ದಿನ ಹಾಕಿ. ಉಳಿದ ದಿನ ಮುಖ, ಕುತ್ತಿಗೆ, ತೊಡೆ ಸಂದು ಒರೆಸಿದರೆ ಆಯಿತು.

ಹಂತ 2: ಎಲ್ಲ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಎರಡು ಮೆತ್ತನೆಯ ಬಟ್ಟೆ, ಅಂಗಿ, ಲಂಗೋಟಿ ಅಥವಾ ಡೈಪರ್, ಹತ್ತಿ, ಸೋಪು, ಮಗ್. ಬಟ್ಟೆ ವಿಷಯದಲ್ಲಿ ನನ್ನ ಮಾತು ಕೇಳಿ: ಅಂಗಡಿಯ ದಪ್ಪ, ಜುಂಗು ಜುಂಗು ಬೇಬಿ ಟವೆಲ್‌ಗೆ ದುಡ್ಡು ಸುರಿಯಬೇಡಿ. ಒಗೆದು ಒಗೆದು ಮೆತ್ತಗಾದ ಹಳೆ ಪಂಚೆ ಅಥವಾ ಕಾಟನ್ ಸೀರೆಯ ತುಂಡು ಅದಕ್ಕಿಂತ ಬೇಗ ನೀರು ಹೀರುತ್ತದೆ, ಸಂದಿಗೂ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ, ಆಗ ಇಸ್ತ್ರಿ ಹಾಕಿ, ಹಸಿ ವಾಸನೆ ಇರುವ ಬಟ್ಟೆ ಮಗುವಿನ ಮೈಗೆ ತಾಗಿಸಬೇಡಿ.

ಫೋನ್ ಹೊರಗಿಡಿ. ಕರೆಗಂಟೆ ಹೊಡೆದರೆ ಹೊಡೆಯಲಿ. ಎದ್ದು ಹೋಗಲೇಬೇಕಾದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಎರಡು ಇಂಚು ನೀರು ಸಾಕು, ಮಗು ಮುಳುಗಲು.

ಹಂತ 3: ಎಣ್ಣೆ

ತೆಂಗಿನ ಎಣ್ಣೆ, ವಾಸನೆ ಸೇರಿಸದ್ದು. ನನಗೆ ಇದರ ಮುಂದೆ ಯಾವ ಬೇಬಿ ಆಯಿಲೂ ಬೇಡ. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ, ಆಲಿವ್ ಎಣ್ಣೆಯೂ ಚರ್ಮಕ್ಕೆ ಅಷ್ಟು ಒಳ್ಳೆಯದಲ್ಲ. ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಗುರವಾಗಿ ಸವರಿ. ಕೈಕಾಲು ಎಳೆದು ನೀವುವುದು, ಮೂಗು ತೀಡಿ ನೆಟ್ಟಗೆ ಮಾಡುವುದು, ತಲೆ ಒತ್ತಿ ದುಂಡಗೆ ಮಾಡುವುದು ಇವೆಲ್ಲ ಬೇಡ. ಹೆರಿಗೆಯಲ್ಲಿ ಉದ್ದವಾದ ತಲೆ ತಾನಾಗಿಯೇ ಸರಿಹೋಗುತ್ತದೆ. ನೆತ್ತಿಗೆ ಹರಳೆಣ್ಣೆ ಇಡುವ ಮನೆಗಳಲ್ಲಿ ಇಡಿ, ತಟ್ಟಬೇಡಿ. ಹೆಚ್ಚಿನ ಮಕ್ಕಳಲ್ಲಿ ನೆತ್ತಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ.

ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಇನ್ನೊಂದು, ಎಳೆ ಮಗುವಿನ ಎದೆ ಊದಿದ್ದರೆ ಅದನ್ನು ಹಿಂಡುವ ಅಭ್ಯಾಸ. ತಾಯಿಯ ಹಾರ್ಮೋನಿನಿಂದ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಹೀಗಾಗುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಿಂಡಿದರೆ ಕೀವು ಕಟ್ಟುತ್ತದೆ. ಹಿರಿಯರ ಎದುರು ಹೇಗೆ ಹೇಳುವುದು ಎಂದು ಸುಮ್ಮನಿರುವ ಸೊಸೆಯಂದಿರನ್ನು ನೋಡಿದ್ದೇನೆ. "ಅತ್ತೆ, ಡಾಕ್ಟರ್ ಮುಟ್ಟಬಾರದು ಅಂದಿದ್ದಾರೆ" ಎಂದು ಡಾಕ್ಟರ ಹೆಸರಿನಲ್ಲಿ ಹೇಳಿ, ಕೆಲಸ ಆಗುತ್ತದೆ.

ಹಂತ 4: ನೀರು ಹದ ಮಾಡುವುದು

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಕೈಯಿಂದ ತಳದವರೆಗೆ ಕಲಕಿ. ಈ ಕ್ರಮ ಬದಲಿಸಬೇಡಿ. ನಮ್ಮ ಮೈಯಷ್ಟೇ ಬಿಸಿ, ಅಂದರೆ ಸುಮಾರು 37 ಡಿಗ್ರಿ ಇರಬೇಕು. ಪಾತ್ರೆ ತಿಕ್ಕಿ ಗಟ್ಟಿಯಾದ ಅಂಗೈಗೆ ಹದ ಗೊತ್ತಾಗುವುದಿಲ್ಲ, ಮೊಣಕೈ ಅದ್ದಿ ನೋಡಿ. ಬಿಸಿ ಎಂದೂ ಅನ್ನಿಸಬಾರದು, ತಣ್ಣಗೆ ಎಂದೂ ಅನ್ನಿಸಬಾರದು. ನೀರಿನಲ್ಲಿ ತೇಲಿಬಿಡುವ ಬಾತುಕೋಳಿ ಥರ್ಮಾಮೀಟರ್ ಬೇಕಾಗಿಲ್ಲ. ಬಾಣಂತಿಗೆ ಹಾಕುವ ಹಂಡೆಯ ಸುಡುನೀರಿನ ಲೆಕ್ಕವನ್ನು ಮಗುವಿಗೆ ಹಿಡಿಯಬೇಡಿ. ಮಗು ಮಡಿಲಲ್ಲಿ ಇರುವಾಗ ಬಿಸಿನೀರು ಬೆರೆಸುವುದಾಗಲಿ, ನಲ್ಲಿಯಿಂದ ನೇರ ಹಿಡಿಯುವುದಾಗಲಿ ಬೇಡ, ಗೀಸರ್ ನೀರು ಒಮ್ಮೆಲೇ ಸುಡು ಸುಡು ಬಂದುಬಿಡುತ್ತದೆ.

ಗ್ಯಾಸ್ ಗೀಸರ್ ಇರುವವರು ಇದನ್ನು ಎರಡು ಸಲ ಓದಿ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಜ್ಞೆ ತಪ್ಪುವವರೆಗೂ ತಿಳಿಯುವುದಿಲ್ಲ. ಮಗುವಿಗೆ ಗಾಳಿ ತಾಗಬಾರದೆಂದು ನಾವು ಕಿಟಕಿ ಮುಚ್ಚುತ್ತೇವೆ ಅಲ್ವಾ, ಅಪಾಯ ಇರುವುದೇ ಅಲ್ಲಿ. ನೀರು ತುಂಬಿಕೊಂಡು, ಗೀಸರ್ ಆರಿಸಿ, ಬಕೆಟ್ಟನ್ನು ಬೇರೆ ಕೋಣೆಗೆ ತಂದು ಅಲ್ಲಿ ಸ್ನಾನ ಮಾಡಿಸಿ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದಕ್ಕೂ ಇದೇ ಮಾತು.

ಹಂತ 5: ಹಿಡಿಯುವುದು, ನೀರು ಹಾಕುವುದು

ಮಗು ಹಾಲು ಕುಡಿದು ಒಂದು ಗಂಟೆಯಾದರೂ ಆಗಿರಲಿ. ಫ್ಯಾನ್ ಆರಿಸಿ. ನಿಮ್ಮ ಉಂಗುರ, ಬಳೆ ತೆಗೆಯಿರಿ. ಅಂಗೈಯ ಎಣ್ಣೆಯನ್ನು ಸೋಪು ಹಾಕಿ ತೊಳೆದುಕೊಳ್ಳಿ, ಮಗು ಜಾರುವುದು ಹೆಚ್ಚಾಗಿ ನಮ್ಮ ಕೈಯ ಎಣ್ಣೆಯಿಂದಲೇ.

ಕಾಲಮೇಲೆ ಹಾಕಿಕೊಳ್ಳುವುದಾದರೆ ಮಣೆ ಮೇಲೆ ಕುಳಿತು ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚಿ. ಮಗುವಿನ ತಲೆ ನಿಮ್ಮ ಪಾದದ ಕಡೆ, ಕಾಲು ನಿಮ್ಮ ಹೊಟ್ಟೆಯ ಕಡೆ. ಎರಡು ಕಣಕಾಲಿನ ನಡುವಿನ ತಗ್ಗಿನಲ್ಲಿ ಬೆನ್ನು ಕೂರುತ್ತದೆ. ಮಂಡಿ ನೋವಿದ್ದರೆ, ಸಿಸೇರಿಯನ್ ಆಗಿದ್ದರೆ ಹಠ ಮಾಡಬೇಡಿ. ಟಬ್ಬಿನಲ್ಲಿ ಎರಡು ಮೂರು ಇಂಚು ನೀರು ಬಿಟ್ಟು, ನಿಮ್ಮ ಎಡಗೈಯನ್ನು ಮಗುವಿನ ಕುತ್ತಿಗೆಯ ಹಿಂದಿನಿಂದ ತಂದು ಆಚೆ ಬದಿಯ ತೋಳನ್ನು ಕಂಕುಳ ಹತ್ತಿರ ಹಿಡಿಯಿರಿ. ಹೀಗೆ ಹಿಡಿದರೆ ಕುತ್ತಿಗೆ ನಿಮ್ಮ ಮುಂಗೈ ಮೇಲೆ ನಿಲ್ಲುತ್ತದೆ, ಮಗು ಒದ್ದಾಡಿದರೂ ಜಾರುವುದಿಲ್ಲ. ಈ ಎಡಗೈ ಸ್ನಾನ ಮುಗಿಯುವ ತನಕ ಬಿಡಬಾರದು. ಬಲಗೈ ಮಾತ್ರ ಕೆಲಸಕ್ಕೆ.

ನೀರನ್ನು ಎತ್ತರದಿಂದ ರಪರಪ ಸುರಿಯಬೇಡಿ. ಮೊದಲು ಪಾದ, ಆಮೇಲೆ ಹೊಟ್ಟೆ, ಎದೆ. ಎದೆ ಮೇಲೆ ಒಂದು ಒದ್ದೆ ಬಟ್ಟೆ ಹಾಸಿ ಅದರ ಮೇಲೆ ನೀರು ಬಿಟ್ಟರೆ ಮಗು ಬೆಚ್ಚಿಬೀಳುವುದು ಎಷ್ಟೋ ಕಡಿಮೆ. ಸೋಪು ಕಂಕುಳು, ತೊಡೆ ಸಂದು, ಅಂಡಿಗೆ ಮಾತ್ರ. ಮೈಗೆಲ್ಲ ನೊರೆ ಬೇಡ. ಕಡಲೆ ಹಿಟ್ಟು, ಹೆಸರು ಹಿಟ್ಟು ತಿಕ್ಕಿದರೆ ಕೂದಲು ಉದುರುತ್ತದೆ, ಬಣ್ಣ ಬರುತ್ತದೆ ಅನ್ನುತ್ತಾರೆ, ಎರಡೂ ಆಗುವುದಿಲ್ಲ. ಹಿಟ್ಟು ಸಂದಿಯಲ್ಲಿ ಉಳಿದು ಚರ್ಮ ಕೆಂಪಾಗುವುದು ಮಾತ್ರ ಖಂಡಿತ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡುಮಗುವಿನ ಮುಂದೊಗಲನ್ನು ಹಿಂದೆ ಸರಿಸಿ ತೊಳೆಯಲು ಹೋಗಬೇಡಿ.

ಮುಖಕ್ಕೆ ನೀರು ಸುರಿಯಲೇಬೇಡಿ. ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಕಣ್ಣನ್ನು ಮೂಗಿನ ಕಡೆಯಿಂದ ಹೊರಗಡೆಗೆ ಒಂದೇ ಸಲ ಸವರಿ, ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಮೂಗು, ಕಿವಿಗೆ ಊದುವುದು ಬೇಡ, ಬಡ್ಸ್ ಹಾಕುವುದೂ ಬೇಡ.

ತಲೆ ಕೊನೆಗೆ. ತುಂಬ ಮನೆಗಳಲ್ಲಿ ಮೊದಲು ತಲೆಗೆ ಹಾಕುತ್ತಾರೆ, ಆಮೇಲೆ ಮೈ ತೊಳೆದು ಮುಗಿಯುವವರೆಗೆ ಒದ್ದೆ ತಲೆಯಲ್ಲೇ ಮಗು ಇರುತ್ತದೆ. ಮಗುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಅಲ್ಲಿಂದಲೇ ಜಾಸ್ತಿ ಹೋಗುತ್ತದೆ. ತಲೆಗೆ ಹಾಕುವಾಗ ಮಗುವಿನ ಹಣೆಯ ಮೇಲೆ, ಹುಬ್ಬಿನ ಹತ್ತಿರ ನಿಮ್ಮ ಅಂಗೈಯನ್ನು ಮಾಡಿನ ಹಾಗೆ ಅಡ್ಡ ಹಿಡಿದು, ನೀರು ಹಿಂದಲೆಯ ಕಡೆಗೆ ಹರಿಯುವಂತೆ ಸಣ್ಣದಾಗಿ ಬಿಡಿ. ಆಗ ಒಬ್ಬರ ಎರಡು ಕೈ ಸಾಲುವುದಿಲ್ಲ, ನೀರು ಬಿಡಲು ಇನ್ನೊಬ್ಬರು ಬೇಕು, ಅಪ್ಪಂದಿರನ್ನು ಕರೆಯಿರಿ. ಎಲ್ಲ ಸೇರಿ ಐದರಿಂದ ಹತ್ತು ನಿಮಿಷದಲ್ಲಿ ಮುಗಿಯಬೇಕು.

ಹಂತ 6: ಒರೆಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಮಗು ಅಳುತ್ತಿರುತ್ತದೆ, ಬೇಗ ಅಂಗಿ ಹಾಕಿ ಹಾಲು ಕೊಡೋಣ ಅನ್ನಿಸುತ್ತದೆ. ಮೊದಲು ಒಂದು ಬಟ್ಟೆಯಲ್ಲಿ ತಲೆ ಸಮೇತ ಸುತ್ತಿ, ತಲೆ ಒತ್ತಿ ಒಣಗಿಸಿ, ಎದೆಗೆ ಅಪ್ಪಿಕೊಳ್ಳಿ. ಅಳು ಅಲ್ಲೇ ಅರ್ಧ ಇಳಿಯುತ್ತದೆ. ಆ ಬಟ್ಟೆ ತೆಗೆದು ಒಣ ಬಟ್ಟೆ ಮೇಲೆ ಮಲಗಿಸಿ. ಉಜ್ಜಬೇಡಿ, ಒತ್ತಿ ಒತ್ತಿ ತೆಗೆಯಿರಿ.

ಕುತ್ತಿಗೆ: ಎಳೆ ಮಗುವಿಗೆ ಕುತ್ತಿಗೆಯೇ ಕಾಣುವುದಿಲ್ಲ, ಗಲ್ಲ ಎದೆಗೆ ಅಂಟಿರುತ್ತದೆ. ಭುಜದ ಕೆಳಗೆ ಅಂಗೈ ತೂರಿಸಿ ಚೂರು ಎತ್ತಿ, ತಲೆ ತಾನೇ ಹಿಂದಕ್ಕೆ ವಾಲಿ ಸಂದು ತೆರೆದುಕೊಳ್ಳುತ್ತದೆ. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಒಂದೊಂದೇ ಗೆರೆಯಲ್ಲಿ ಒತ್ತಿ. ಬೆಳ್ಳಗೆ ಕಾಣುವುದು ಹಾಲು, ಸೋರಿ ಇಳಿದು ಅಲ್ಲೇ ನಿಂತದ್ದು. ಆಮೇಲೆ ಕಿವಿ ಹಿಂದೆ, ಕಂಕುಳು, ಮೊಣಕೈ ಮಡಚುವ ಜಾಗ, ತೊಡೆಯ ಗೆರೆಗಳು, ಮಂಡಿ ಹಿಂದೆ. ಮುಷ್ಟಿಯನ್ನು ಎಳೆದು ಬಿಡಿಸಬೇಡಿ, ಕೈಯ ಹಿಂಭಾಗವನ್ನು ಮಣಿಕಟ್ಟಿನ ಕಡೆಗೆ ಸವರಿದರೆ ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಅಂಗೈಯಲ್ಲಿ ನೂಲಿನ ಎಳೆ, ಧೂಳು ಸೇರಿಕೊಂಡಿರುತ್ತದೆ, ಅದನ್ನೂ ತೆಗೆಯಿರಿ. ಎಡತೋಳಿನಲ್ಲಿ ಬಿಸಿಜಿ (ಕ್ಷಯರೋಗದ ಲಸಿಕೆ) ಸೂಜಿಯ ಜಾಗದಲ್ಲಿ ಕೆಲವು ವಾರ ಆದಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಅದು ಏಳಬೇಕಾದ್ದೇ, ನೀರು ತಾಗಿದರೆ ಏನೂ ಆಗುವುದಿಲ್ಲ, ಮುಲಾಮು ಹಚ್ಚಬೇಡಿ, ಹಿಸುಕಬೇಡಿ.

ಈಗ ಪೌಡರ್ ವಿಷಯ. ಒರೆಸುವ ಬದಲು ಪೌಡರ್ ಚೆಲ್ಲುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಒದ್ದೆ ಸಂದಿಯಲ್ಲಿ ಅದು ಮುದ್ದೆಯಾಗಿ ಕೂತು ಚರ್ಮ ಕೆರೆಯುತ್ತದೆ, ಹಾರುವ ಪುಡಿ ಮಗುವಿನ ಉಸಿರಿಗೆ ಹೋಗುತ್ತದೆ. ಉಡುಗೊರೆಯ ಗಿಫ್ಟ್ ಬಾಕ್ಸಿನಲ್ಲಿ ಬಂದ ಡಬ್ಬಿಯನ್ನು ಕಪಾಟಿನಿಂದ ತೆಗೆಯಲೇಬೇಡಿ. ತೊಡೆ ಸಂದು ಕೆಂಪಾಗಿದ್ದರೆ ಝಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳ್ಳಗೆ ಹಚ್ಚಿ, ದಿನಕ್ಕೆ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಬಿಡಿ.

ಹಂತ 7: ಸ್ನಾನದ ನಂತರ ಬೇಡವಾದವು

ಸಾಂಬ್ರಾಣಿ, ಲೋಬಾನದ ಹೊಗೆ ಬೇಡ, ಮಗುವಿನ ಶ್ವಾಸಕೋಶಕ್ಕೆ ಅದು ಹೊಗೆಯೇ. ಕೂದಲು ಬಟ್ಟೆಯಿಂದ ಒಣಗುತ್ತದೆ. ಕಣ್ಣಿಗೆ ಕಾಡಿಗೆ ಬೇಡ, ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಇಡಲೇಬೇಕು ಅನ್ನಿಸಿದರೆ ಅಂಗಿಯ ಬೆನ್ನಿನ ಮೇಲೆ ಇಡಿ, ಅಜ್ಜಿಗೂ ಸಮಾಧಾನ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಸಕ್ಕರೆ ನೀರು ಬೇಡ, ಆರು ತಿಂಗಳವರೆಗೆ ಎದೆಹಾಲು ಮಾತ್ರ. ಜೇನುತುಪ್ಪ ಒಂದು ವರ್ಷದವರೆಗೆ ಮುಟ್ಟಿಸಲೇಬೇಡಿ, ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಇರಬಹುದು.

ಆನ್‌ಲೈನಿನಲ್ಲಿ ಮಗುವಿನ ಕುತ್ತಿಗೆಗೆ ಹಾಕುವ ಗಾಳಿ ತುಂಬಿದ ಉಂಗುರ ಮಾರುತ್ತಾರೆ, ನೋಡಲು ಮುದ್ದಾಗಿರುತ್ತದೆ. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೊಳ್ಳಬೇಡಿ. ಟಬ್ಬಿನೊಳಗೆ ಕೂರಿಸುವ ಸೀಟು ಕೂಡ ಮಗುವನ್ನು ಬಿಟ್ಟು ಹೋಗುವ ಧೈರ್ಯ ಕೊಡುತ್ತದೆ, ಆ ಧೈರ್ಯವೇ ಅಪಾಯ. ದುಡ್ಡು ಹಾಕಲೇಬೇಕಾದ ಒಂದು ವಸ್ತು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್.

ಅಂಗಿ, ಟೋಪಿ ಹಾಕಿ, ಹಾಲು ಕೊಟ್ಟು, ತೇಗು ಬರಿಸಿ, ಅಂಗಾತ ಮಲಗಿಸಿ. ನಿದ್ದೆ ಬಂದಮೇಲೆ ಟೋಪಿ ತೆಗೆಯಿರಿ. ಮಗು ಬೆಚ್ಚಗಿದೆಯೋ ಎಂದು ಪಾದ ಮುಟ್ಟಿ ನೋಡಿ, ಅದು ಹೊಟ್ಟೆಯಷ್ಟೇ ಬೆಚ್ಚಗಿರಬೇಕು. ಪಾದ ತಣ್ಣಗಿದ್ದರೆ ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಹೊದಿಸಿ. ಜ್ವರದ ಅನುಮಾನ ಬಂದರೆ ಸ್ನಾನವಾಗಿ ಅರ್ಧ ಗಂಟೆ ಕಳೆದಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಡಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿ. ಮೂರು ತಿಂಗಳೊಳಗಿನ ಮಗುವಿಗೆ 38 ಮುಟ್ಟಿದರೆ, ಅಥವಾ ಅಪ್ಪಿ ಬೆಚ್ಚಗೆ ಮಾಡಿದ ಮೇಲೂ 36.5 ದಾಟದಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ, ಮನೆಯಲ್ಲಿ ಸಿರಪ್ ಕೊಟ್ಟು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.